ಇಲ್ಲ, ಇಲ್ಲು

ಬೀರೋಜ, ಉಳಿ ಕೆಳಗಿಡು. ಮೊದಲು ಕೇಳು.
ವೀರಗಲ್ಲು ಬೇಡವೆನ್ನಲಾರೆ, ಒಡೆಯನ ಅಪ್ಪಣೆ;
ಸಾಯುವ ಹೊತ್ತಲ್ಲಿ ಯಾರ ಮಾತು ಮೀರಲಿ?
ಕೆಳಗಿನ ಪಟ್ಟಿಕೆಯಲ್ಲಿ ಕುದುರೆಯಿರಲಿ, ಬಿಲ್ಲಿರಲಿ
(ಕುದುರೆ ಕುಂಟುತ್ತಿತ್ತು, ಅದನ್ನು ಕೆತ್ತಬೇಡ).
ನಡುವಿನ ಪಟ್ಟಿಕೆಯಲ್ಲಿ ಮಾತ್ರ
ಚಾಮರ ಬೀಸುವ ಆ ಇಬ್ಬರು ಅಪ್ಸರೆಯರು ಬೇಡ.

ನಿಡುಗಲ್ಲಿನ ನಡುಗೋಟೆ, ಕಣಜದ ಪಕ್ಕದ ಕೋಣೆ.
ಪೆನ್ನೆಯಾಚೆಯಿಂದ ಹಿಡಿದು ತಂದ ಹೆಣ್ಣು, ಎರಕಸಾನಿ.
ಅಣ್ಣ ಐವತ್ತು ಹೇರು ಉಪ್ಪು ಕಳಿಸುವ ತನಕ
ಒತ್ತೆ. ಬಾಗಿಲಿಗೆ ನಾನು. ನನ್ನ ಸೊಂಟಕ್ಕೆ ಕೀಲಿ.
ಅವಳನ್ನು ಕುದುರೆಗೆ ಎಳೆದು ಹಾಕಿದ ಕೈಯೂ ನನ್ನದೇ;
ಈ ಹೆಬ್ಬೆರಳ ಬುಡದಲ್ಲಿ ನೋಡು, ಅವಳ ಹಲ್ಲು.

ಅವಳ ತೆಲುಗು ನನಗೆ ಕಾಲುಪಾಲು,
ನನ್ನ ಕನ್ನಡ ಅವಳಿಗೆ ಅಷ್ಟೂ ಬಾರದು.
ದೊಣೆಗೆ ಇಳಿಯುವಾಗ "ಕಲ್ಲು, ಜೋಕೆ" ಎಂದೆ;
ಎರಡೂ ಕಣ್ಣು ಮುಚ್ಚಿಕೊಂಡು ಎಡವಿದಳು.
ಅವರ ಕಿವಿಗೆ ಅದು ಕಣ್ಣಂತೆ.
ಮೊಣಕಾಲ ನೆತ್ತರು ಒರೆಸಿಕೊಳ್ಳುತ್ತ ನಕ್ಕಳು, ಆಮೇಲೆ
ನಕ್ಕಿದ್ದಕ್ಕೆ ತನ್ನ ಮೇಲೇ ಮುನಿದು ಎರಡು ದಿನ ಉಣ್ಣಲಿಲ್ಲ.

ಸಂಜೆಯಾದರೆ ಕದದ ಸಂದಿಯಿಂದ ಒಂದೇ ಪ್ರಶ್ನೆ:
ಎಲ್ಲಿಗೆ ಕಳಿಸುತ್ತೀರಿ ನನ್ನನ್ನು?
"ಇಲ್ಲ" ಎನ್ನುತ್ತಿದ್ದೆ.
ಅವಳ ಮುಖ ಬೆಳಗುತ್ತಿತ್ತು. ಏಕೆ?
ತಿಂಗಳಾದ ಮೇಲೆ ಎಣ್ಣೆ ಮಾರುವವನೊಬ್ಬ ಹೇಳಿದ:
ಅವರಲ್ಲಿ ಇಲ್ಲು ಅಂದರೆ ಮನೆ.
ದಿನಾ ನಾನು ಬಾಗಿಲು ಜಡಿದು ಮನೆ ಎಂದಿದ್ದೆ,
ದಿನಾ ಅವಳು ಗಂಟು ಕಟ್ಟಿಟ್ಟು ಮಲಗಿದ್ದಳು.

ಅಂದಿನಿಂದ ಆ ಮಾತು ನನ್ನ ಬಾಯಿಗೆ ಬರಲಿಲ್ಲ.
ತಲೆ ಅಲ್ಲಾಡಿಸಿದೆ.
ತಿಳಿಯಿತು ಅವಳಿಗೆ. ಒಳಗೆ ಗಂಟು ಬಿಚ್ಚಿದ ಸದ್ದು:
ಎರಡು ಬಳೆ, ಒಂದು ಬಾಚಣಿಗೆ.

ಒಲವೆನ್ನುತ್ತೀಯಾ, ಬೀರೋಜ? ಎನ್ನಬೇಡ.
ಕೀಲಿ ಇದ್ದವನು ಆಡುವ ಮಾತಲ್ಲ ಅದು.
ಆದರೆ ಮಾಗಿಯ ಒಂದಿರುಳು ಸಂದಿಯಿಂದ ಬೆರಳು ಚಾಚಿ
ಈ ಹಲ್ಲಿನ ಗುರುತು ಮುಟ್ಟಿ "ನಾದೇ" ಎಂದಳು.
ನನ್ನದೇ, ಅಂತ.
ಗಾಯವೋ, ಕೈಯೋ, ಕೇಳುವಷ್ಟು ತೆಲುಗು ನನಗೆ ಸಾಲಲಿಲ್ಲ.

ಉಪ್ಪು ಬರಲಿಲ್ಲ.
ಅಣ್ಣನ ಓಲೆ ಬಂತು: ಈ ವರ್ಷ ಉಪ್ಪು ತುಟ್ಟಿ.
ಒಡೆಯ ನಕ್ಕು, ಹಾಗಾದರೆ ಹುಣ್ಣಿಮೆಗೆ
ಅವಳನ್ನು ಆನೆಯ ಮಾವುತನಿಗೆ ಕೊಡಿ ಎಂದ.
ಹುಣ್ಣಿಮೆಗೆ ಇನ್ನೂ ಹನ್ನೊಂದು ದಿನ. ನಾನು ಒಂದೂ ಕಾಯಲಿಲ್ಲ.

ಕರಡಿ ಓಡಾಡುವ ಹಿಂದಿನ ಕೊರಕಲು,
ಅವಳ ಸೆರಗಲ್ಲಿ ಹುರಿದ ಹುರುಳಿ, ನನ್ನ ಬಾಕು.
ಕೊನೆಯ ದಿಡ್ಡಿಯ ಹತ್ತಿರ ನಿಂತು ಕೇಳಿದಳು: ವಸ್ತಾವಾ?
ಬರುತ್ತೀಯಾ?
ಒಡೆಯನ ಅನ್ನ ಗಂಟಲಲ್ಲಿತ್ತು. ಅದರ ಸುತ್ತ ಹಾದು
ಒಂದೇ ಮಾತು ಹೊರಬಂತು: ಇಲ್ಲ.

ಅಷ್ಟು ಹೊತ್ತಿಗೆ ಅವಳಿಗೆ ಎರಡೂ ಅರ್ಥ ಗೊತ್ತಿತ್ತು.
ಯಾವುದನ್ನು ಕೇಳಿಸಿಕೊಂಡಳೋ. ತಲೆದೂಗಿ
ಕತ್ತಲಿಗೆ ಇಳಿದಳು. ಕಲ್ಲೊಂದು ಉರುಳಿದ್ದು ಕೇಳಿಸಿತು,
ಆಮೇಲೆ ಬರೀ ಜೀರುಂಡೆ.

ಕೀಲಿ ದೊಣೆಗೆ ಬಿತ್ತೆಂದೆ. ನಂಬಲಿಲ್ಲ. ನಲವತ್ತು ಏಟು.
ಮರುವರ್ಷವೇ ಅದೇ ಒಡೆಯನಿಗಾಗಿ ಪೆನ್ನೆ ದಾಟಿ
ಉರಿಸಿದ ಊರುಗಳಲ್ಲಿ ಪ್ರತಿ ಇಲ್ಲಿನ ಹೊಸ್ತಿಲನ್ನೂ
ನಾನೇ ಮೊದಲು ಇಣುಕಿದೆ.

ಸರಿ, ಉಳಿ ಎತ್ತಿಕೋ.
ನಡುವಿನ ಪಟ್ಟಿಕೆಯಲ್ಲಿ ಒಂದು ಬಾಗಿಲು ಸಾಕು.
ಜನ ಬೇಡ, ಹೂಮಾಲೆ ಬೇಡ.
ಅಗುಳಿ ಮಾತ್ರ ಹೊರಗಡೆ ಇರಲಿ,
ಇದ್ದದ್ದು ಹಾಗೆ.