ಹದಿನೇಳನೆಯ ಬಾಯಿ

ಹಂಪನಕಟ್ಟೆಯ ಜವಳಿ ಮಳಿಗೆ ಶಟರು ಎಳೆದುಕೊಂಡ ಮೇಲೆ
ನಮ್ಮ ಕೆಲಸ ಶುರು.
ಮೇ ತಿಂಗಳು. ಹೊರಗೆ ರಾತ್ರಿ ಒಂಬತ್ತಕ್ಕೂ
ಅಂಗಿ ಬೆನ್ನಿಗೆ ಅಂಟುವ ಸೆಕೆ.
ಒಳಗೆ ಎರಡು ಊರು:
ರೇಷ್ಮೆ ವಿಭಾಗದಲ್ಲಿ ಗಿರಾಕಿಗಳು ಸೆರಗು ಹೊದ್ದುಕೊಳ್ಳುತ್ತಾರೆ,
ಮೇಲೆ ಅಟ್ಟದಲ್ಲಿ ಟೈಲರು ಬನಿಯನ್ನಿನಲ್ಲಿ ಕೂರುತ್ತಾರೆ.
"ದೊಡ್ಡ ಮೆಶೀನು ಹಾಕೋಣವಾ ಮಾರಾಯ್ರೆ?" ಮಾಲೀಕರು ಕೇಳಿದರು.
ಮೆಶೀನು ಸಾಕು, ಅಂದೆ. ಗಾಳಿ ಉಂಟು.
ಎಲ್ಲಿಗೆ ಹೋಗ್ತದೆ ಅಂತ ನೋಡ್ಬೇಕು.

ನೋಡುವುದು ಅಂದರೆ ಏಣಿ ಹತ್ತಿ
ಬಟ್ಟೆಯ ಹುಡ್ಡನ್ನು, ತಲೆಕೆಳಗಾದ ಲಂಗದ ಹಾಗಿರುತ್ತದೆ ಅದು,
ಸೀಲಿಂಗಿನ ಬಾಯಿಗೆ ಒತ್ತಿ ಹಿಡಿದು
ಅಂಕಿ ಕುಣಿದು ಕುಣಿದು ನಿಲ್ಲುವವರೆಗೆ ಕಾಯುವುದು.
ಕೆಳಗೆ ರೌಫ್, ಬಿ.ಸಿ. ರೋಡಿನ ಹುಡುಗ, ಸೇರಿ ಮೂರು ವಾರ,
ರಟ್ಟಿನ ಮೇಲೆ ಬರೆದುಕೊಳ್ಳುತ್ತಾನೆ.
ಒಂದನೆಯ ಬಾಯಿ: ಬೇಕಾದ್ದು ಮುನ್ನೂರು, ಬರುವುದು ನಾನೂರ ಅರವತ್ತು.
ನಾಲ್ಕನೆಯದು, ಕ್ಯಾಶ್ ಕೌಂಟರಿನ ನೆತ್ತಿ: ನೂರ ಹತ್ತು.
ನೋಡಿದರೆ ಜೆಸಿಂತಕ್ಕ ಸೀರೆ ಪೆಟ್ಟಿಗೆಯ ಮುಚ್ಚಳವನ್ನು
ಅರ್ಧ ಜಾಲರಿಗೆ ಟೇಪು ಹಾಕಿ ಅಂಟಿಸಿದ್ದಾರೆ,
ಮೇಲೊಂದು ಚೀಟಿ: ತೆಗೆಯಬೇಡಿ, ಕುತ್ತಿಗೆ ನೋವು.
ರೆಕ್ಕೆಗಳನ್ನು ಗೋಡೆಯ ಕಡೆ ತಿರುಗಿಸಿದ್ದರೆ ಸಾಕಿತ್ತು.
ಮುಚ್ಚಳ ತೆಗೆದೆವು. ಚೀಟಿಯನ್ನು ರೌಫ್ ಜೇಬಿಗೆ ಹಾಕಿಕೊಂಡ.

ಹದಿನೇಳನೆಯದು ಅಟ್ಟದ ತುದಿ, ಹೊಲಿಗೆ ಮೇಜಿನ ಮೇಲೆ.
ಹುಡ್ಡು ಒತ್ತಿದೆ. ಅಂಕಿ ಏಳಲೇ ಇಲ್ಲ.
ಜಾಲರಿಯ ಕೆಳಗೆ ಒಂದೆಳೆ ನೂಲು ಹಿಡಿದೆ.
ನೆಟ್ಟಗೆ ತೂಗಿತು, ಮೇಸ್ತ್ರಿಯ ತೂಗುಗುಂಡಿನ ಹಾಗೆ.

ರೌಫ್‌ಗೆ ಹಂಚುವ ಕ್ರಮ ಹೇಳಿದೆ:
ಜಾಸ್ತಿ ಬರುವವನ ಹತ್ತಿರ ಮೊದಲು ಹೋಗಬೇಡ.
ಅತಿ ಕಡಿಮೆ ಸಿಗುವ ಬಾಯಿ ಯಾವುದು ನೋಡು,
ಅದರ ಡ್ಯಾಂಪರ್ ಪೂರ್ತಿ ತೆರೆದಿಡು, ಮತ್ತೆ ಮುಟ್ಟಬೇಡ.
ಅದಕ್ಕೆ ನೂರಕ್ಕೆ ಎಷ್ಟು ಸಿಗುತ್ತದೋ
ಉಳಿದವರನ್ನು ಒಬ್ಬೊಬ್ಬರಾಗಿ ಅಷ್ಟಕ್ಕೆ ಇಳಿಸು.
ಒಬ್ಬನ ಕತ್ತು ಹಿಸುಕಿದರೆ ಇನ್ನೊಬ್ಬ ಉಬ್ಬುತ್ತಾನೆ,
ಹಾಗಾಗಿ ತಿರುಗಿ ಬಾ, ತಿರುಗಿ ಅಳೆ.
"ಎಷ್ಟು ಸಲ?"
ಮುಗಿಯುವವರೆಗೆ.
"ಮುಗಿದದ್ದು ಹೇಗೆ ಗೊತ್ತಾಗ್ತದೆ?"
ಸೊಂಟ ಹೇಳ್ತದೆ.

ಸೀಲಿಂಗಿನ ಹಲಗೆ ಸರಿಸಿ ತಲೆ ತೂರಿಸಿದೆ.
ಟಾರ್ಚಿನ ಬೆಳಕಿಗೆ ಧೂಳು, ಇಲಿಯ ಹಿಕ್ಕೆ,
ಬೆವರಿ ಕಪ್ಪಾದ ಇನ್ಸುಲೇಶನ್, ಯಾರೋ ಮರೆತ ಬೀಡಿ ಕಟ್ಟು.
ಕವಲಿನ ಕುತ್ತಿಗೆಯಲ್ಲಿ ಡ್ಯಾಂಪರಿನ ಹಿಡಿ
ಕೊಳವೆಗೆ ಅಡ್ಡ ನಿಂತಿತ್ತು.
ಅಡ್ಡ ಅಂದರೆ ಮುಚ್ಚಿದೆ.
ಪಕ್ಕದ ತಗಡಿನ ಮೇಲೆ ಮಾರ್ಕರಿನಲ್ಲಿ:
ತಾತ್ಕಾಲಿಕ. ಲೀಕ್ ಟೆಸ್ಟ್.
ಕೆಳಗೆ ಆರು ವರ್ಷ ಹಿಂದಿನ ತಾರೀಕು,
ಅದರ ಏಳಕ್ಕೆ ನಡುವೆ ಒಂದು ಅಡ್ಡಗೆರೆ.
ಹಾಗೆ ಏಳು ಬರೆಯುವವನು ನಾನು.

ಆಗ ನನಗೆ ರೌಫ್‌ನ ಪ್ರಾಯ, ಮಳಿಗೆಗೆ ಬಾಗಿಲೂ ಇರಲಿಲ್ಲ.
ಸಂಜೆ ತೆರೆಯುತ್ತೇನೆ ಅಂದುಕೊಂಡು
ಚಾ ಕುಡಿಯಲು ಇಳಿದಿರಬೇಕು.

ನಟ್ಟು ತುಕ್ಕು ಹಿಡಿದಿತ್ತು. ಇದು ಕಡಲ ಊರು,
ಆರು ವರ್ಷ ಅಂದರೆ ಕಬ್ಬಿಣಕ್ಕೆ ಒಂದು ಆಯುಷ್ಯ.
ಎಣ್ಣೆ ಬಿಟ್ಟು, ಕಾದು, ಸ್ಪ್ಯಾನರಿಗೆ ಜೋತುಬಿದ್ದೆ.
ಕಿರ್ರ್ ಅಂತು. ತಿರುಗಿತು.

ವಾಮನ ಸಪಲ್ಯರು ಇನ್ನೂ ಇದ್ದರು,
ನಾಳೆಯ ಮದುಮಗಳ ರವಿಕೆಗೆ ಕೊಕ್ಕೆ ಹಾಕುತ್ತ.
ಅಳತೆಯ ಚೀಟಿಗಳೆಲ್ಲ ಎದ್ದು ಹಾರಿ
ತೋಳು ಎದೆ ಸೊಂಟ ಬೆನ್ನು ನೆಲದ ತುಂಬ.
"ಗಾಳಿ ಬತ್ತ್ಂಡ್," ಅಂದರು, ಮೇಲೆ ನೋಡದೆ.
ಹೇಳಿಬಿಡೋಣ ಎಂದೇ ಇಳಿದೆ.
"ಎಂತ ಆಗಿತ್ತು?"
"ಮುಚ್ಚಿ ಹೋಗಿತ್ತು," ಅಂದೆ.
ಕನ್ನಡ ದಯೆಯುಳ್ಳ ಭಾಷೆ,
ಕರ್ತೃ ಇಲ್ಲದೆಯೂ ವಾಕ್ಯ ನಿಲ್ಲುತ್ತದೆ.
"ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ? ನೂಲು ಹಾರ್ತದೆ."

ಹೊಸ ಗುರುತು ಬರೆಯಲು ರೌಫ್‌ನನ್ನು ಹತ್ತಿಸಿದೆ.
ಇಳಿಯಲು ಹೊತ್ತು ಹಿಡಿಯಿತು.
ನನ್ನ ಹಳೆಯ ಪಟ್ಟಿಗಳನ್ನು, ನನ್ನ ಏಳುಗಳನ್ನು
ದಿನಾ ನಕಲು ಮಾಡುವವನು ಅವನೇ.
ಒಮ್ಮೆ ನೋಡಿದ. ಏನೂ ಹೇಳದೆ
ಏಣಿಯನ್ನು ಒಂದನೆಯ ಬಾಯಿಯ ಕಡೆ ಎಳೆದ.

ಸಪಲ್ಯರು ಹೊರಡುವಾಗ
ಟೇಬಲ್ ಫ್ಯಾನು ಆರಿಸಿದರು.
ಪ್ಲಗ್ ಕೀಳಲಿಲ್ಲ.