ತೂತು ಮೊದಲು ಬರಿ

ತೀನ್ ಕಂದೀಲಿನ ಹಿಂದಿನ ಸಂದಿಯೊಳಗ
ಗನಿ ಸಾಬರ ಗಡಿಯಾರದ ಅಂಗಡಿ.
ಐತವಾರ ಷಟರ್ ಅರ್ಧಕ್ಕ ಇಳಿದಿರ್ತದ,
ಬಗ್ಗಿ ಬಂದವರಷ್ಟೇ ನಮ್ಮವರು.
ಒಳಗ ಒಂದು ಬೆಂಚು, ನಾಲ್ಕು ಭೂತಗನ್ನಡಿ,
ನಿಂತುಹೋದ ಹದಿನೇಳು ಗಡಿಯಾರ,
ಮತ್ತ ಈ ಕೆಂಪು ಬಟ್ಟಿಯ ವಹಿ.
ನಾಣ್ಯ ಮಾರೋದಿದ್ದವರು ಇದರಾಗ ಬರೀಬೇಕು.
ಬರೆಸಿಕೊಳ್ಳಾಕಿ ನಾನು,
ಮೂವತ್ತೊಂದು ವರ್ಷ ಕಚೇರಿಯಾಗ
ಪಹಣಿ ನಕಲು ಮಾಡಿದ ಕೈ.

ಒಂದು ನಾಣ್ಯಕ್ಕ ಒಂದು ಸಾಲು.
ಡಬ್ಬಿ ಸುರುವಿ "ಎಲ್ಲಾ ಸೇರಿ ಎಷ್ಟು ಕೊಡ್ತೀರಿ" ಅನ್ನೋದು
ಕಾಯಿಪಲ್ಯೆ ಬಜಾರದಾಗ ನಡೀತದ.
ರೇಟು ಬರೀದೆ "ಮಾತಾಡೋಣು" ಅಂತ ಬರೆದ
ವೆಂಕೋಬಾಚಾರರ ಸಂಗಟ
ಮೂರು ವಾರ ಯಾರೂ ಮಾತಾಡಲಿಲ್ಲ.
ನಾಲ್ಕನೇ ವಾರ ಅವರೇ ಬಂದು, ಕನ್ನಡಕ ಒರೆಸಿ,
ಒಂಬೈನೂರು ಅಂತ ಬರೆದರು, ಇರುವೆಯಷ್ಟು ಅಕ್ಷರದಾಗ.
ನಾನು ತಿದ್ದಿ ದೊಡ್ಡದು ಮಾಡಿದೆ.

ಅಮರೇಗೌಡ ಹೊಸಬ. ಲಿಂಗಸೂಗೂರಿನಿಂದ ಬಸ್ಸಿನಾಗ
ಕರವಸ್ತ್ರದಾಗ ಗಂಟು ಕಟ್ಟಿ ತಂದ
ಚಾರ್ಮಿನಾರಿನ ಬೆಳ್ಳಿ ರೂಪಾಯಿ.
ಹೊಳೀತಿತ್ತು, ನಿನ್ನೆ ಹುಟ್ಟಿದ ಹಂಗ.
ಗನಿ ಸಾಬರು ಅದನ್ನ ಕಣ್ಣಿಗೆ ಹಿಡೀಲಿಲ್ಲ,
ಮೂಗಿಗೆ ಹಿಡಿದರು.
"ಬೇಟಾ, ಹುಣಸೇಹಣ್ಣು ಹಚ್ಚೀಯೇನು?"
"ಹೌದ್ರೀ ಸಾಬ್, ರಾತ್ರೆಲ್ಲಾ ನೆನೆ ಇಟ್ಟಿದ್ದೆ."
ಯಾರೂ ನಗಲಿಲ್ಲ.
ಮೂರು ತಲೆಮಾರು ಕೂಡಿಟ್ಟ ಕಪ್ಪು
ಒಂದು ರಾತ್ರಿಗೆ ಸಾರಾಗಿ ಹೋಗಿತ್ತು.
"ತಿಕ್ಕಿದ್ದು" ಅಂತ ಬರಿಯಪ್ಪಾ, ಅಂದೆ. ಬರೆದ.
ಬೆಲಿ ಅರ್ಧಕ್ಕ ಇಳೀತು.

ಅರ್ಧಕ್ಕೇ ತೊಗೊಂಡ ಸೂಗಪ್ಪ
ಮುಂದಿನ ವಾರ ಪೂರಾ ಬೆಲಿಗೆ ಬರೆಸಲಿಕ್ಕೆ ಬಂದ,
ಆ ಒಂದು ಮಾತು ಬಿಟ್ಟು.
ಹಿಂದಿನ ಹಾಳಿ ತೆಗೆದು ಅವನ ಕಡೆ ತಿರುಗಿಸಿದೆ.
ಎಲ್ಲರಿಗೂ ಚಹಾ ತರಿಸಿದ. ಅವನದೇ ರೊಕ್ಕ.

ಮಾರಿದ ಮ್ಯಾಲೆ ಗೆರಿ ಎಳೀಬೇಕು, ಹಾಳಿ ಹರೀಬಾರದು,
ಹೋದ ಬೆಲಿ ಬರೋರಿಗೆ ಕಾಣಬೇಕು.
"ನನಗ ಇಟ್ಟಿರ್ರಿ" ಅಂದವನ ಮಾತಿಗೆ
ಮುಂದಿನ ಐತವಾರದ ತನಕ ಆಯುಷ್ಯ.
ಇನ್ನೊಬ್ಬರ ಸಾಲಿನ ಮ್ಯಾಲೆ ಬಟ್ಟಿಟ್ಟು
"ಇಂಥದ್ದು ಹೈದರಾಬಾದಿನಾಗ ಮುನ್ನೂರಕ್ಕ ಸಿಗ್ತದ" ಅನಬಾರದು.
ಸಿಗ್ತಿದ್ರ ಹೋಗಿ ತಾ.
ಯಾಕ ಮಾರ್ತೀ ಅಂತ ಕೇಳೋದು ಇಲ್ಲಿ ರಿವಾಜಲ್ಲ.

ಮತ್ತ, ಕತಿ ಬರೀಬಾರದು.
ಇದು ನಾನೇ ಮಾಡಿದ ಕಾಯ್ದೆ.
ಅಜ್ಜನ ಪೆಟಿಗಿ, ಹಗೇದೊಳಗಿನ ಗಡಿಗಿ,
ಯಾವನೋ ಜಾಗೀರದಾರ ಮೆಚ್ಚಿ ಕೊಟ್ಟ ಇನಾಮು:
ಕತಿಗೆ ಗುಂಜಿ ತೂಕ ಇಲ್ಲ,
ಬೆಲಿ ಮಾತ್ರ ತೊಲಾಗಟ್ಟಲೆ ಏರಸ್ತದ.

ಹೋದ ಐತವಾರ
ವಹಿ ನನ್ನ ಕಡೆ ತಿರುಗಿಸಿಕೊಂಡೆ.
ಎಂಟಾಣೆ, ಬೆಳ್ಳಿ, ಹಾಲಿ ಸಿಕ್ಕ.
ಅಷ್ಟು ಬರೆದು ಪೆನ್ನು ನಿಂತಿತು.
ಈ ತೂತಿನಾಗ ನಮ್ಮವ್ವನ ಕರಿದಾರ ಹಾಯ್ದಿತ್ತು.
ಈ ಅಂಚು ಸವೆದದ್ದು ಆಕಿ ಹತ್ತಿ ಗಿರಣಿಯಾಗ
ಬಗ್ಗಿ ಏಳೋವಾಗೆಲ್ಲ ಎದಿಗೆ ತಿಕ್ಕಿ.
ಎಡಗಡೆ ಮಿನಾರಿನ ಮ್ಯಾಲಿನ ಕಚ್ಚು
ನನ್ನ ಹಾಲುಹಲ್ಲಿಂದು ಅಂತಿದ್ದಳು.
ಬೆಳ್ಳಿಗೆ ಹಾಲುಹಲ್ಲು ಎಲ್ಲಿ ಹತ್ತತದ,
ಗನಿ ಸಾಬರು ಎಂದೋ ಹೇಳ್ಯಾರ.

ಎಲ್ಲರೂ ನೋಡ್ಲಿಕತ್ತಿದ್ದರು. ಬರೆದೆ:
ತೂತದ. ಅಂಚು ಸವದದ. ಒಂದು ಕಚ್ಚು.
ತಿಕ್ಕಿಲ್ಲ. ನಾನೂರಾ ಐವತ್ತು.

ವೆಂಕೋಬಾಚಾರರು ಭೂತಗನ್ನಡಿ ಹಚ್ಚಿ
ಬಾಳೊತ್ತು ನೋಡಿದರು.
"ಅಲ್ಲವಾ, ಇದು ಏನು, ಇಲ್ಲಿ?"
"ಕಚ್ಚು," ಅಂದೆ.
ಚೌಕಾಶಿ ಮಾಡಲಿಲ್ಲ ಅವರು,
ಹೊಸ ನೋಟು ಎರಡು ಸಲ ಎಣಿಸಿ ಇಟ್ಟರು.

ಗೆರಿ ಎಳೆದೆ. ಸ್ಕೇಲು ಕೈಗೆ ಸಿಗಲಿಲ್ಲ,
ವಾರೆ ಹೋಯಿತು.
ಕೆಳಗಿಂದು ಓದಲಿಕ್ಕೆ ಬರ್ತದ ಇನ್ನೂ.