ಮುಕ್ಕಾಲು

ಸಂಖದಿಂದ ಜತ್ತಿಗೆ, ಎಸ್‌ಟಿ ಬಸ್ಸಿನಾಗ,
ಸಿಪಿಯು ತೊಡಿಮ್ಯಾಲೆ ಕೂಡಿಸ್ಕೊಂಡು ಬಂದ ಮಲಕಾರಿ.
ಕಂಡಕ್ಟರ್ ಅದಕ್ಕೂ ಅರ್ಧಾ ಟಿಕೀಟು ಹರದಿದ್ದನಂತ.
ಟವೆಲ್ ಬಿಚ್ಚಿದ, ಮಿರಜದ ಬಿಲ್ಲು ನನ್ನ ಮೂಗಿಗೆ ಹಿಡದ:
"ಎರಡೆರಡು ಜಿಬಿಯ ಪಟ್ಟಿ ಎರಡು.
ನಾಕು ಅಂತ ಹೇಳಿ ನಾಕರ ರೊಕ್ಕಾ ಇಸ್ಕೊಂಡ.
ಇದು ನೋಡಿದರ ಮೂರೂಕಾಲು ಅಂತದ.
ಮುಕ್ಕಾಲು ಯಾರು ತಿಂದರು, ಮೆಹಬೂಬಿ ಅಕ್ಕಾ?"

ಯಾರೂ ತಿಂದಿಲ್ಲ.
ಡಬ್ಬಿ ಬಿಚ್ಚಿ ಧೂಳು ಊದಿದೆ.
ಪಟ್ಟಿ ಎರಡೂ ಇದ್ದವು ಗಟ್ಟಿಯಾಗಿ, ಹಲ್ಲು ಕಚ್ಚಿಕೊಂಡು.

"ನಿನ್ನ ವಿಂಡೋಸ್ ಹಳೀದು, ಮಲಕಾರಿ.
ನೆನಪಿನ ಒಂದೊಂದು ಗೂಡಿಗೂ ಅದು ನಂಬರ್ ಹಾಕಬೇಕು,
ಬರೀಲಿಕ್ಕೆ ಅದರ ಹತ್ರ ಮೂವತ್ತೆರಡಽ ಖಾನಿ,
ಖಾನ್ಯಾಗ ಸೊನ್ನಿ ಬರಿ, ಇಲ್ಲಾ ಒಂದು ಬರಿ.
ಹೆಂಗ ತಿರುವಿ ಮುರುವಿ ಬರದರೂ
ನಾನೂರಾ ಇಪ್ಪತ್ತೊಂಬತ್ತು ಕೋಟಿ
ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ
ಎರಡುನೂರಾ ತೊಂಬತ್ತಾರಕ್ಕ ಮುಗೀತು.
ಅದರ ಮುಂದ ಒಂದೂ ಇಲ್ಲ."

"ಇಷ್ಟು ನಾಕಕ್ಕ ಸಾಲಂಗಿಲ್ಲೇನು?"

"ಸಾಲತಿತ್ತು.
ಆದರ ಬಣ್ಣ ತೋರಸೂ ಕಾರ್ಡಿಗೂ ನಂಬರ್ ಬೇಕು,
ಆವಾಜಿನ ಚಿಪ್ಪಿಗೂ ಬೇಕು, ಇನ್ನೂ ಏನೇನಕ್ಕೋ,
ಎಲ್ಲಾ ಅದಽ ವಹಿಯೊಳಗಿಂದ.
ಮ್ಯಾಲಿನ ನಂಬರು ಅವು ಮೊದಲಽ ಹಿಡದು ಕೂತಾವ.
ಮುಕ್ಕಾಲು ಇಲ್ಲೇ ಅದ.
ನಂಬರ್ ಇಲ್ಲದ್ದನ್ನ ಅದು ಏನಂತ ಕರದೀತು?"

ಸ್ವಲ್ಪ ಹೊತ್ತು ಸುಮ್ಮನಿದ್ದ.
"ಹಂಗಾರ ಆ ಮುಕ್ಕಾಲು ಮುರದು ಪರತ್ ಕೊಟ್ಟರ
ಮಿರಜದವ ರೊಕ್ಕಾ ಕೊಡತಾನೇನು?"

ನಾ ನಕ್ಕೆ. ಅವ ನಗಲಿಲ್ಲ.

"ಅರವತ್ನಾಕು ಖಾನಿದು ಹಾಕತೀನಿ, ತಡಿ.
ಭೂಮಿಮ್ಯಾಲಿನ ಇರಿವಿಗೆಲ್ಲಾ ಒಂದೊಂದು ಕೊಟ್ಟರೂ
ನಂಬರು ಉಳೀತಾವ."
ಸಿಡಿ ಹುಡುಕಲಿಕ್ಕೆ ಎದ್ದವಳು ಹಿಂದಕ್ಕ ನೋಡಿದೆ,
ಪ್ರಿಂಟರ್ ವೈರಿನ ಬುಡಕ ಸಣ್ಣ ಕರೀ ಕೀಲಿ.
ಕನ್ನಡ ಅಕ್ಷರದ ಕೀಲಿ. ಮಾಡಿದ ಕಂಪನಿ ಎಂದೋ ಮುಚ್ಚೇದ.
ಹೊಸಾದರಾಗ ಇದು ತಿರಗಂಗಿಲ್ಲ,
ಇದು ಇಲ್ಲದ ಅವನ ಫೈಲು ತಗದರ
ಚಿ. ಸೌ. ಕಾಂ. ಇದ್ದಲ್ಲಿ ಡಾಲರು, ಕೊಕ್ಕಿ, ಶೇಕಡಾ,
ಮದುಮಗನ ಅಪ್ಪನ ಹೆಸರಿನಾಗ ಬರೇ ಪ್ರಶ್ನೆಚಿಹ್ನಿ.

ಹೇಳಿದೆ.

"ಈ ಸೀಸನ್ನಿಗೆ ಮರಾಠಿ ಲಗ್ನಪತ್ರಿಕಿ ಇನ್ನೂರಾ ನಾಕು," ಅಂದ.
"ಕನ್ನಡದವು?"
"ಹನ್ನೊಂದು."
ಬೆರಳಿನ ಮ್ಯಾಲೆ ಯಾವುದೋ ಲೆಕ್ಕಾ ಸುರು ಮಾಡಿದ, ಬಿಟ್ಟ.
"ನಿನ್ನಿ ಬಾಲಗಾಂವದಿಂದ ಒಬ್ಬಾಕಿ ಮುದುಕಿ ಬಂದಿದ್ಲು.
ಪೂರಾ ಓದಿಸ್ಕೊಂಡಳು, ಎರಡು ಸಲ. ಒಂದು ಕೊಂಬು ತಪ್ಪಿತ್ತು,
ಓದಲಿಕ್ಕೆ ಬರಂಗಿಲ್ಲ ಆಕಿಗೆ,
ಕಿವಿಲಿಂದಽ ಹಿಡದಳು.
ಸಿಡಿ ಇಡು ಒಳಗ. ಡಬ್ಬಿ ಮುಚ್ಚು."

ಮುಚ್ಚೂದರೊಳಗ ಒಮ್ಮೆ ಚಾಲೂ ಮಾಡಿ ನೋಡಿದೆ. ಫ್ಯಾನು ತಿರಗಿತು.
"ಆ ಮುಕ್ಕಾಲಿಗೂ ಕರೆಂಟು ಹೋಗತದೇನು?"

ಹೋಗತದ. ಈ ಪಟ್ಟಿಯ ಜಾತಿಯಽ ಹಂಗ,
ತುಂಬಿದ್ದು ತಡಾ ಇಲ್ಲದ ಸೋರಿ ಹೋಗತದ,
ಅದಕ್ಕ ಸೆಕೆಂಡಿಗೆ ಹದಿನೈದು ಸಲ ತಿರಗಿ ತುಂಬಬೇಕು,
ಮರೀಬ್ಯಾಡ ಮರೀಬ್ಯಾಡ ಅಂತ ಒಂದೊಂದು ಗೂಡಿಗೂ ಹೇಳಬೇಕು.
ನಂಬರ್ ಇದ್ದದ್ದು ಇಲ್ಲದ್ದು ಅಲ್ಲಿ ನೋಡಂಗಿಲ್ಲ.

"ಅದರಾಗ ಬರದದ್ದು ಏನದ?"

"ಯಾರೂ ಏನೂ ಬರದಿಲ್ಲ.
ಸ್ವಿಚ್ ಒತ್ತಿದಾಗ ಹೆಂಗ ಬಿದ್ದಾವ ಹಂಗ, ಸೊನ್ನಿ, ಒಂದು."

ಬ್ಯಾಡ ಅಂದರೂ ಬೆರಳು ಇಟ್ಟ, ಒಂದು ಪಟ್ಟಿಮ್ಯಾಲೆ,
ಆಮ್ಯಾಲೆ ಇನ್ನೊಂದರ ಮ್ಯಾಲೆ.
ಜ್ವರಾ ನೋಡೂವಾಂಗ.

ಟವೆಲ್ ಕಟ್ಟಿದ. ಧೂಳು ಊದಿದ್ದಕ್ಕ ನಲವತ್ತು ಅಂದೆ.
ಮೂವತ್ತು ಇಟ್ಟ.
"ಉಳಿದ ಹತ್ತು?"
ಬಾಗಲದಾಗ ನಿಂತು ಕಿಸೆ ತಟ್ಟಿಕೊಂಡ:
"ಅದ, ಇಲ್ಲೇ ಅದ.
ನಿನಗ ತೋರಸಂಗಿಲ್ಲ ಅಷ್ಟಽ."